ಪರಮಾನಂದನ ಪ್ರಧಾನ ದೋಷ

ಮನುಷ್ಯನಾದವನಿಗೆ ಒಂದಾದರೂ ದೋಷ ಇದ್ದೇ ಇರುತ್ತದೆ. ಬನಹಟ್ಟಿಯ ಪರಮಾನಂದನಿಗೆ ಮಾತ್ರ ತನ್ನ ದೋಷ ಯಾವುದೆಂದು ಸಿಕ್ಕಿರಲಿಲ್ಲ. ಹುಡುಕಿ ಹುಡುಕಿ ಸಾಕಾಗಿದ್ದ. ಸಂಜೆಯೊಳಗೆ ಅದನ್ನು ಪತ್ತೆ ಹಚ್ಚಿ ಫಾದರ್ ಯುವರಾಜರ ಮುಂದೆ ಒಪ್ಪಿಸದಿದ್ದರೆ ಅವನ ಇಡೀ ವರ್ಷದ ಓದು ನೀರುಪಾಲಾಗುವುದಿತ್ತು.

ಓದು ಎಂದರೆ ಅಂತಿಂಥ ಓದಲ್ಲ, ಆಧ್ಯಾತ್ಮಿಕ ದೈವಶಾಸ್ತ್ರ. ಜಮಖಂಡಿಯ ಪುಟ್ಟ ಚರ್ಚಿನ ಹಿಂದಿನ ಕೋಣೆಯಲ್ಲಿ ಫಾದರ್ ಯುವರಾಜರು ಪ್ರತಿ ವಾರ ಸಂಸಾರಸ್ಥರಿಗೆ ಅದರ ಪಾಠ ಹೇಳುತ್ತಿದ್ದರು. ಆತ್ಮ ದೇವರ ಕಡೆಗೆ ಹೋಗುವುದು ಮೂರು ಹಂತದಲ್ಲಿ. ಮೊದಲು ಶುದ್ಧಿ, ಆಮೇಲೆ ಬೆಳಕು, ಕೊನೆಗೆ ಐಕ್ಯ. ತುಟಿಯ ಪ್ರಾರ್ಥನೆ ಬೇರೆ, ಮನಸ್ಸಿನ ಪ್ರಾರ್ಥನೆ ಬೇರೆ. ಪ್ರಾರ್ಥನೆಯ ರುಚಿ ಹೊರಟುಹೋದರೂ ಹೆದರಬಾರದು, ಅದೂ ದೇವರ ಕೆಲಸವೇ. ಹಗಲೆಲ್ಲ ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಸುವ ಪರಮಾನಂದನಿಗೆ ಈ ಮಾತುಗಳು ಬಿಸಿಲಲ್ಲಿ ಬಂದವನಿಗೆ ತಂಬಿಗೆ ನೀರು ಕೊಟ್ಟಂತೆ ಹಿಡಿಸಿದ್ದವು. ಒಂದು ವಾರವೂ ತಪ್ಪಿಸಿರಲಿಲ್ಲ.

ವರ್ಷದ ಕೊನೆಗೆ ಬೆಳಗಾವಿ ಕಡೆಯ ಒಂದು ಆಶ್ರಮದಲ್ಲಿ ಹತ್ತು ದಿನದ ಮೌನ ಧ್ಯಾನಕೂಟ ಇತ್ತು. ನಮ್ಮ ಭಾಗಕ್ಕೆಲ್ಲ ಸೇರಿ ಅಲ್ಲಿ ಒಂದೇ ಒಂದು ಜಾಗ. ಆ ಜಾಗ ಪರಮಾನಂದನಿಗೇ ಎಂದು ಫಾದರ್ ಯುವರಾಜರು ಎಂದೋ ಮಾತು ಕೊಟ್ಟಿದ್ದರು. ಅವನು ಆ ಹತ್ತು ದಿನಕ್ಕೆ ಎಷ್ಟು ಹಂಬಲಿಸಿದ್ದನೆಂದರೆ, ಸ್ವಂತ ಮದುವೆಗೂ ಅಷ್ಟು ಹಂಬಲಿಸಿರಲಿಲ್ಲ. ಯಾಕೆಂದರೆ ಅವನ ಓಣಿಯಲ್ಲಿ ಎಡಕ್ಕೂ ಪಾವರ್‌ಲೂಮು, ಬಲಕ್ಕೂ ಪಾವರ್‌ಲೂಮು. ಅವನು ಕಣ್ಣು ಮುಚ್ಚಿ "ದೇವರೇ" ಎಂದರೆ ಎರಡೂ ಕಡೆಯಿಂದ ಖಟಪಟ ಖಟಪಟ ಎಂದು ಉತ್ತರ ಬರುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೆ ನೆರೆಹೊರೆಯವರು ಹೊರಗೆ ಬಂದು ಮಾತಿಗೆ ಕೂಡುತ್ತಿದ್ದರು. ಹುಟ್ಟಿದಾಗಿನಿಂದ ಪರಮಾನಂದ ಕಾಲು ತಾಸು ಗಟ್ಟಿ ನಿಶ್ಶಬ್ದವನ್ನು ಕೇಳಿರಲಿಲ್ಲ.

ಹೀಗಿರುವಾಗ ಹೋದ ವಾರ ಫಾದರ್ ಒಂದು ಷರತ್ತು ಹಾಕಿದರು.

"ನೋಡಪಾ ಪರಮಾನಂದ, ಧ್ಯಾನಕೂಟಕ್ಕ ಹೋಗಾವ್ರು ಮೊದಲ ತಮ್ಮ ಪ್ರಧಾನ ದೋಷ ಯಾವ್ದು ಅಂತ ಹುಡುಕ್ಬೇಕು. ಅಡ್ಡ ಬರೂ ಹೊಕ್ಕಿನ ಎಳಿ ಕಡದ್ರ ಒಂದ ಜಾಗಾದಾಗ ಕಾಣತೈತಿ, ಹೋಗ್ತೈತಿ. ಉದ್ದಕ್ಕ ಇರೂ ಹಾಸಿನ ಎಳಿ ಕಡದ್ರ? ಇಡೀ ಸೀರಿಗೆ ಈ ತುದಿಯಿಂದ ಆ ತುದಿತನಕ ಗೆರಿ ಬೀಳತೈತಿ. ಪ್ರಧಾನ ದೋಷ ಅಂದ್ರ ಹಾಸಿನ ಎಳಿ. ಒಂದ ಇರತೈತಿ, ಎಲ್ಲಾ ಕಡಿಗೂ ಇರತೈತಿ. ಮುಂದಿನ ವಾರ ನಾನ ನಿಮ್ಮ ಮನಿಗೆ ಬರ್ತೇನಿ, ಅವತ್ತ ಹೇಳು. ಸಿಗಲಿಲ್ಲಂದ್ರ ಈ ವರ್ಷ ಧ್ಯಾನಕೂಟ ಇಲ್ಲ."

"ಆತ್ರಿ ಫಾದರ್" ಎಂದು ಪರಮಾನಂದ ಬಂದಿದ್ದ.

ವಾರವಿಡೀ ಆತ್ಮಶೋಧನೆ ನಡೆಯಿತು. ಗರ್ವ, ಲೋಭ, ಮೋಹ, ಕೋಪ, ಹೊಟ್ಟೆಬಾಕತನ, ಅಸೂಯೆ, ಸೋಮಾರಿತನ ಎಂದು ಪಾಠದಲ್ಲಿ ಹೇಳಿದ್ದ ಏಳೂ ಮೂಲಪಾಪಗಳನ್ನು ಅವನು ಹಬ್ಬದ ಅಂಗಿ ಹಾಕಿ ನೋಡಿದಂತೆ ಒಂದೊಂದಾಗಿ ಹಾಕಿ ನೋಡಿದ. ಹೆಗಲಿಗೆ ಸರಿಯಾದದ್ದು ಹೊಟ್ಟೆಗೆ ಬಿಗಿಯುತ್ತಿತ್ತು. ಕೋಪ ಎನ್ನೋಣವೆಂದರೆ ಅವನಿಗೆ ಸಿಟ್ಟು ಬಂದದ್ದನ್ನು ಯಾರೂ ನೋಡಿರಲಿಲ್ಲ. ಹೊಟ್ಟೆಬಾಕತನ ಎನ್ನೋಣವೆಂದರೆ ಬೀಗರ ಮನೆಯಲ್ಲಿ ಒತ್ತಾಯ ಮಾಡಿದಾಗ ಹೋಳಿಗೆ ತಿಂದು ಮಲಗಿದ್ದುಂಟು, ಆದರೆ ಒತ್ತಾಯ ಇಲ್ಲದಾಗ ರೊಟ್ಟಿ ಎರಡಕ್ಕೆ ಮುಗಿಯುತ್ತಿತ್ತು.

ಕೊನೆಗೆ ಆ ದಿನ ಬೆಳಿಗ್ಗೆ ಹೆಂಡತಿಯನ್ನು ಕೇಳಿದ. ಅಂಗಡಿಗೆ ವಾರದ ರಜೆ. ಸುವರ್ಣಾ ರೊಟ್ಟಿ ಬಡಿಯುತ್ತಿದ್ದಳು.

"ಅಲ್ಲಾ, ನನ್ನೊಳಗ ಇರೋ ದೋಷ ಏನಂತ ಹೇಳ್ತೀ ಏನು?"

"ಹೇಳ್ತೇನಿ. ಕುಂದರ್ರಿ" ಎಂದು ಸುವರ್ಣಾ ಶುರುಮಾಡಿದಳು. ರೊಟ್ಟಿಯ ಹಿಟ್ಟು ಮುಗಿಯಿತು, ಪಲ್ಯ ಕುದಿಯಿತು, ಅವಳ ಮಾತು ಇನ್ನೂ ಅವರ ಮದುವೆಯಾದ ಮೊದಲನೇ ವರ್ಷದಲ್ಲೇ ಇತ್ತು.

"ಇಷ್ಟೆಲ್ಲಾ ಬ್ಯಾಡ. ಒಂದ ಹೇಳ್ಬೇಕು. ಪ್ರಧಾನ" ಎಂದ ಪರಮಾನಂದ.

"ಒಂದರಾಗ ಹೆಂಗ ಮುಗಸಲಿ?" ಎಂದು ಅವಳಿಗೆ ಸಿಟ್ಟು ಬಂತು. "ನನ್ನ ಮಾತ ನಿಮಗ ಎಲ್ಲಿ ಬೇಕು, ಹೊರಗಿನ ಮಂದೀನ ಕೇಳ್ಹೋಗ್ರಿ."

ಪಾಠದಲ್ಲೂ ಅದೇ ಇತ್ತು. ತನ್ನ ದೋಷ ತನಗೆ ಕಾಣದಿದ್ದರೆ, ದಿನವೂ ತನ್ನನ್ನು ನೋಡುವವರನ್ನು ವಿನಯದಿಂದ ಕೇಳಬೇಕು, ಅವರು ಹೇಳಿದ್ದಕ್ಕೆ ಎದುರಾಡಬಾರದು. ಪರಮಾನಂದ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವಿನಯ ಕಾಣಲೆಂದು ಎರಡೂ ಕೈ ಜೋಡಿಸಿಕೊಂಡು ಓಣಿಗೆ ಇಳಿದ. ಅವನ ದುರ್ದೈವ ಶುರುವಾದದ್ದು ಆ ಜೋಡಿಸಿದ ಕೈಯಿಂದ.

ಎದುರು ಮನೆಯ ತಾಯವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಓಣಿಗೆಲ್ಲ ಹಿರಿಯಳು. ಪರಮಾನಂದ ಹೋಗಿ ಎದುರಿಗೆ ನಿಂತ.

"ಯವ್ವಾ, ಒಂದ ಮಾತ ಕೇಳಾಕ ಬಂದೇನಿ. ನನ್ನ ಕಡಿಂದ ಏನಾರ ತಪ್ಪ ಆಗಿದ್ರ, ನನ್ನೊಳಗ ಏನಾರ ದೋಷ ಇದ್ರ, ಸಂಕೋಚ ಮಾಡಬ್ಯಾಡ. ಖರೆ ಖರೆ ಹೇಳು. ತಿದ್ಕೋತೇನಿ."

ತಾಯವ್ವ ಮೊರ ಕೆಳಗಿಟ್ಟಳು. ಬಿಳಿ ಅಂಗಿ ನೋಡಿದಳು, ಕೈ ನೋಡಿದಳು.

"ಯಾವಾಗ ಐತಿಪಾ ಎಲೆಕ್ಷನ್ನು?"

"ಎಲೆಕ್ಷನ್ ಅಲ್ಲ ಬೇ ಯವ್ವಾ. ಇದು ಆತ್ಮದ ವಿಚಾರ."

"ಇರ್ಲಿ ಇರ್ಲಿ. ಮೊದಲ ಎಲ್ಲಾರೂ ಹಂಗ ಅಂತಾರ."

ಅವಳದೇನೂ ತಪ್ಪಿರಲಿಲ್ಲ. ಊರಿನ ನೇಕಾರರ ಸಹಕಾರಿ ಸಂಘದಲ್ಲಿ ಒಂದು ನಿರ್ದೇಶಕರ ಸ್ಥಾನ ಖಾಲಿ ಬಿದ್ದಿತ್ತು. ನಾಮಪತ್ರ ಕೊಡಲು ಅದೇ ಕೊನೆಯ ದಿನ, ಮಧ್ಯಾಹ್ನ ಮೂರರವರೆಗೆ ಅವಕಾಶ. ಪರಮಾನಂದನ ತಂದೆ ಮಗ್ಗ ನಡೆಸಿದವರು. ಅವರ ಸದಸ್ಯತ್ವ ಮಗನ ಹೆಸರಿಗೆ ಬಂದಿತ್ತು. ಮತ್ತೆ ಆ ಓಣಿಯ ಇತಿಹಾಸದಲ್ಲಿ ಬಿಳಿ ಅಂಗಿ ತೊಟ್ಟು, ಕೈ ಜೋಡಿಸಿ, ಮನೆ ಬಾಗಿಲಿಗೆ ಬಂದು "ನನ್ನ ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ" ಎಂದವರು ಉಮೇದುವಾರರು ಮಾತ್ರ.

"ನಿಂದ ತಪ್ಪ ಕೇಳ್ತೀ ಏನು? ನೀ ಯಾರ ಜೋಡಿನೂ ಬಾಯಿ ತಗದ ಮಾತಾಡಂಗಿಲ್ಲ. ಸೊಕ್ಕ ಐತಿ ಅಂತ ತಿಳಕೋತಾರ ಮಂದಿ" ಎಂದಳು ತಾಯವ್ವ. "ಮತ್ತ ಆರಿಸಿ ಬಂದ ಮ್ಯಾಲ ಈ ಗಟಾರ ಒಂದಿಷ್ಟ ಮಾಡಸು. ನನ್ನ ಬಾಗಲ್ದಾಗ ನೀರ ನಿಂದ್ರತೈತಿ."

ಗಟಾರದ ಮಾತು ಪರಮಾನಂದನ ತಲೆಗೆ ಹೋಗಲಿಲ್ಲ. ಅವನಿಗೆ ಕೇಳಿಸಿದ್ದು ಸೊಕ್ಕು ಎಂಬುದೊಂದೇ. ಗರ್ವ! ಏಳರಲ್ಲಿ ಮೊದಲನೆಯದು, ಎಲ್ಲಕ್ಕೂ ತಾಯಿಯಂಥದು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ತಾಯವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕಾಲು ಮುಟ್ಟಿದ ಮೇಲೆ ತಾಯವ್ವನಿಗೆ ಇದ್ದ ಒಂದಿಷ್ಟು ಸಂಶಯವೂ ಹೋಯಿತು. ಅವನು ಓಣಿಯ ತಿರುವು ದಾಟುವುದರೊಳಗೆ ಅವಳು ಹಿತ್ತಲ ಗೋಡೆಯ ಮೇಲಿಂದ ಲಗಮವ್ವನಿಗೆ, ಲಗಮವ್ವ ನಲ್ಲಿಯ ಹತ್ತಿರ ಇದ್ದವರಿಗೆ ಸುದ್ದಿ ಮುಟ್ಟಿಸಿ ಆಗಿತ್ತು.

ಒಬ್ಬರ ಮಾತು ನಂಬಿ ಗರ್ವವೇ ಎಂದು ತೀರ್ಮಾನಿಸುವುದು ಸರಿಯಲ್ಲ, ಅದೇ ಗರ್ವದ ಲಕ್ಷಣವಾದೀತು ಎಂದು ಪರಮಾನಂದನಿಗೆ ಅನಿಸಿತು. ಇನ್ನೊಬ್ಬರನ್ನು ಕೇಳೋಣ ಎಂದು ಬಾಳೇಶನ ಚಹಾದಂಗಡಿಗೆ ಬಂದ. ಅಲ್ಲಿ ಬೆಂಚಿನ ತುಂಬ ಜನ ಇದ್ದರು. ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಚಹಾ ಕುಡಿದು ಕೂತಿತ್ತು.

"ಬರ್ರಿ ಬರ್ರಿ, ನಮ್ಮ ಭಾವೀ ಡೈರೆಕ್ಟರ್ ಸಾಹೇಬ್ರು!" ಎಂದ ಬಾಳೇಶ.

"ಏ, ಅದೇನ ಅಲ್ಲೋ. ನನ್ನ ದೋಷ ಯಾವ್ದು ಅಂತ ಕೇಳಾಕ ಬಂದೇನಿ. ತಾಯವ್ವ ಗರ್ವ ಅಂದ್ಲು."

"ಗರ್ವ? ನಿನಗ?" ಬಾಳೇಶ ಚಹಾ ಸೋಸುವುದನ್ನು ನಿಲ್ಲಿಸಿದ. "ಲೇ ಪರಮಾನಂದ, ನೀ ಅಂಜುಬುರಕ ಇದ್ದೀ. ನಿನಗ ಸೊಕ್ಕ ಬರಾಕ ಧೈರ್ಯ ಎಲ್ಲೈತಿ? ಮುಧೋಳದಾಂವ ಯಾರೋ ನಾಯಿಮರಿ ತಂದು ತಗೋ ಅಂದ್ರ ತಗೊಂಡಿ. ಈಗ ಅದು ನಿನ್ನಕಿಂತ ಎತ್ತರ ಆಗೈತಿ. ನೀ ಚಾಕ್ಕ ಹಾಲಿಲ್ಲಂತ ನನ್ನ ಕಡೆ ಬರ್ತೀ, ಮನ್ಯಾಗ ನಾಯಿ ಹಾಲ ಕುಡಿತೈತಿ."

ಬೆಂಚಿನ ಮೇಲಿದ್ದ ನಿವೃತ್ತ ಮಾಸ್ತರರೊಬ್ಬರು ಇದನ್ನು ಒಪ್ಪಲಿಲ್ಲ. "ಬಾಳೇಶ, ನೀ ತಪ್ಪ ತಿಳದಿ. ಮಾತಾಡದ ಮನಷ್ಯಾಗನ ಒಳಗೊಳಗ ಸೊಕ್ಕ ಜಾಸ್ತಿ. ತಾಯವ್ವ ಹೇಳಿದ್ದ ಖರೆ."

"ಅಂಜಿಕಿ ರೀ ಮಾಸ್ತರ್."

"ಸೊಕ್ಕಪಾ."

ಬೆಂಚು ಇಬ್ಭಾಗವಾಯಿತು. ಪರಮಾನಂದನನ್ನು ಯಾರೂ ಕೂಡು ಎನ್ನಲಿಲ್ಲ, ಅವನ ಬಗ್ಗೆಯೇ ಮಾತು ನಡೆದಿದ್ದರೂ ಅವನು ಒಂದು ಮೂಲೆಯಲ್ಲಿ ಬಾಡಿಗೆಗೆ ತಂದ ಕುರ್ಚಿಯ ಹಾಗೆ ನಿಂತಿದ್ದ. ಒಬ್ಬ, ಅವನು ಅಂಗಡಿಯಲ್ಲಿ ಹೆಣ್ಣುಮಕ್ಕಳು ಕೇಳಿದಷ್ಟೂ ಸೀರೆ ಬಿಚ್ಚುತ್ತಾನೆ, ಅದು ಮಾಲೀಕನಿಗೆ ಬೆಣ್ಣೆ ಹಚ್ಚುವ ಚಾಳಿ ಎಂದ. ಇನ್ನೊಬ್ಬ, ತನ್ನ ತಂಗಿ ಸೀರೆ ಬಿಚ್ಚಿಸಿ ಬಿಚ್ಚಿಸಿ ಒಂದೂ ಕೊಳ್ಳದೆ ಬಂದರೂ ಇವನು ಒಂದು ಮಾತು ಅನ್ನಲಿಲ್ಲ, ಅದು ದೋಷವಲ್ಲ ದೊಡ್ಡಗುಣ ಎಂದ. ದೊಡ್ಡಗುಣವನ್ನು ಎಣಿಸುವಂತಿಲ್ಲ, ಇಲ್ಲಿ ಬರೀ ದೋಷದ ಲೆಕ್ಕ ಎಂದು ಮಾಸ್ತರು ತಡೆದರು. ಕೊನೆಗೆ ಕೈ ಎತ್ತುವುದೆಂದಾಯಿತು. ಸೊಕ್ಕಿಗೂ ಅಂಜಿಕೆಗೂ ಸರಿಸಮ ಕೈ ಬಿದ್ದವು.

"ಈಗ ನಿನ್ನ ಕೈ ಮ್ಯಾಲ ಐತಿ ನೋಡು. ನೀ ಯಾವ ಕಡೆ?" ಎಂದರು ಮಾಸ್ತರು.

"ನೀವೆಲ್ಲಾ ಹೆಂಗಂತೀರಿ ಹಂಗ ರೀ" ಎಂದ ಪರಮಾನಂದ.

ಇದು ಸೊಕ್ಕಿನ ಉತ್ತರ ಎಂದು ಒಂದು ಕಡೆಯವರೂ, ಇದಕ್ಕಿಂತ ಅಂಜಿಕೆ ಬೇಕೇನು ಎಂದು ಇನ್ನೊಂದು ಕಡೆಯವರೂ ಎದ್ದು ನಿಂತರು. ಪರಮಾನಂದನ ತಲೆ ಗಿಮ್ಮೆಂದಿತು. ಮನೆಯಿಂದ ಹೊರಡುವಾಗ ಅವನಿಗೆ ಒಂದು ದೋಷವೂ ಗೊತ್ತಿರಲಿಲ್ಲ. ಈಗ ಕೈಯಲ್ಲಿ ಹಿಡಿಯಲಾರದಷ್ಟು ದೋಷಗಳಿದ್ದವು, ಪ್ರಧಾನವಾದದ್ದು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಅಂಗಡಿಯ ಮುಂದೆ ಬೈಕು ಬಂದು ನಿಂತಿತು. ಬಂದವನು ಹುಲೆಪ್ಪ. ಸಂಘದಲ್ಲಿ ಎರಡು ಗುಂಪು. ಮೊದಲಿನಿಂದ ಅಧಿಕಾರ ನಡೆಸಿದವರು ಶಿವಯೋಗೆಪ್ಪನವರ ಕಡೆಯವರು. ಅವರನ್ನು ಇಳಿಸಬೇಕೆಂದು ಹಲ್ಲು ಕಡಿಯುತ್ತಿದ್ದವರು ಹುಲೆಪ್ಪನ ಕಡೆಯವರು. ಹುಲೆಪ್ಪ ಪರಮಾನಂದನನ್ನು ಕೈ ಹಿಡಿದು ಪಕ್ಕಕ್ಕೆ ಕರೆದ.

"ಏನ ತಲಿ ಓಡಿಸಿದ್ಯೋ ಮಾರಾಯಾ! ಎಲ್ಲಾರೂ ಮಂದಿ ಮುಂದ ತಮ್ಮ ದೊಡ್ಡಸ್ತನ ಹೇಳ್ತಾರ. ನೀ ನಿನ್ನ ತಪ್ಪ ಕೇಳ್ಕೋಂತ ಅಡ್ಡಾಡಾಕತ್ತೀದಿ. ಇಂಥಾ ಪ್ರಚಾರ ಈ ಊರಾಗ ಯಾರೂ ಮಾಡಿಲ್ಲ."

"ಇದು ಪ್ರಚಾರ ಅಲ್ಲಣ್ಣಾ. ನಮ್ಮ ಫಾದರ್ ಹೇಳ್ಯಾರ, ಅಂತರಂಗದ ಬೆಳವಣಿಗಿ ಆಗ್ಬೇಕಾದ್ರ..."

"ಬೆಳವಣಿಗಿ ಮಾಡೂಣು. ನಿನ್ನದೂ ಮಾಡೂಣು, ಸಂಘದ್ದೂ ಮಾಡೂಣು. ನಮ್ಮ ಕಡಿಂದ ನಿಂದ್ರತೀ ಅಲ್ಲ?"

ಹುಲೆಪ್ಪನ ಮುಖ ಆಸೆಯಿಂದ ಅರಳಿತ್ತು. ಅಂಥ ಮುಖವನ್ನು ಬಾಡಿಸುವುದು ಹೇಗೆಂದು ಪರಮಾನಂದನಿಗೆ ತಿಳಿಯಲಿಲ್ಲ. ಸಂಜೆ ಫಾದರ್ ಬರುವವರಿದ್ದಾರೆ, ಈ ಮನುಷ್ಯನನ್ನು ಹೇಗಾದರೂ ಬೇಗ ಕಳಿಸಬೇಕು ಎಂದಷ್ಟೇ ತೋಚಿತು.

"ಆತು ಬಿಡಣ್ಣಾ" ಎಂದ.

"ಮೂರರೊಳಗ ಆಫೀಸಿಗೆ ಬಾ" ಎಂದು ಹುಲೆಪ್ಪ ಹೋದ. ಹೋಗುವಾಗ ಬೈಕು ಹಾರಿಕೊಂಡು ಹೋದಂತೆ ಹೋಯಿತು.

ಪರಮಾನಂದ ಮನೆಯ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಶಿವಯೋಗೆಪ್ಪನವರ ಕಾರು ಅವನ ಪಕ್ಕದಲ್ಲೇ ನಿಂತಿತು. ಶಿವಯೋಗೆಪ್ಪನವರು ನೂಲಿನ ವ್ಯಾಪಾರದ ಹಿರಿಯರು, ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ಪರಮಾನಂದನ ತಂದೆಗೆ ಒಡನಾಡಿಗಳು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ರತ್ನಾಬಾಯಿ ಕೂತಿದ್ದರು.

"ಹತ್ತು ತಮ್ಮಾ. ಬಿಸಲಾಗ ಯಾಕ ನಡಕೋಂತ ಹೊಂಟೀದಿ?"

ಪರಮಾನಂದ ಹತ್ತಿದ.

"ನಿಮ್ಮಪ್ಪ ನಾನು ಒಂದ ತಾಟಿನ್ಯಾಗ ಉಂಡಾವ್ರು" ಎಂದರು ಶಿವಯೋಗೆಪ್ಪನವರು. "ನೀ ಹುಲೆಪ್ಪನ ಕಡಿಂದ ನಿಂದ್ರತೀ ಅಂತ ಸುದ್ದಿ. ಖರೆ ಏನು?"

"ಕಾಕಾರ, ನಾ ಯಾರ ಕಡಿಂದನೂ ನಿಂದ್ರಾಂವ ಅಲ್ರಿ. ನಾ ನನ್ನ ದೋಷ ಹುಡುಕಾಕತ್ತಿದ್ದೆ."

"ಛಲೋ ಕೆಲಸ. ನಮ್ಮ ಶರಣರೂ ಅದನ್ನ ಹೇಳ್ಯಾರ. ಅಂತರಂಗ ಶುದ್ಧ ಇರೋ ಮನಷ್ಯಾನ ಸಂಘಕ್ಕ ಬೇಕಾಗೈತಿ ನಮಗ. ನಮ್ಮ ಕಡಿಂದ ನಿಂದರು."

"ನಿಮ್ಮ ಕಾಕಾಗ ರಾತ್ರಿ ನಿದ್ದಿ ಇಲ್ಲಪಾ" ಎಂದರು ಹಿಂದಿನಿಂದ ರತ್ನಾಬಾಯಿ, ಕಣ್ಣು ಒರೆಸಿಕೊಂಡು. "ಅದೊಂದ ಸೀಟಿನ ಸಲವಾಗಿ ಮನ್ಯಾಗ ಇವ್ರ ತಮ್ಮ ಒಂದ ಕಡೆ, ಅಳಿಯ ಒಂದ ಕಡೆ. ಇಬ್ರೂ ಉಣ್ಣೂದ ಬಿಟ್ಟಾರ. ಇಲ್ಲ ಅನಬ್ಯಾಡ ತಮ್ಮಾ."

ಹೆಂಗಸರ ಕಣ್ಣೀರಿನ ಮುಂದೆ ಪರಮಾನಂದ ಎಂದೂ ನಿಂತವನಲ್ಲ. "ಆತ್ರಿ ಕಾಕು" ಎಂದ. ಕಾರು ಅವನ ಮನೆಯ ಕಡೆಗೆ ತಿರುಗಲೇ ಇಲ್ಲ, ನೇರ ಸಂಘದ ಕಚೇರಿಯ ಮುಂದೆ ಹೋಗಿ ನಿಂತಿತು.

ಅಲ್ಲಿ ಹುಲೆಪ್ಪ ಹಾರ ಹಿಡಿದು ಕಾಯುತ್ತಿದ್ದ. ತನ್ನ ಉಮೇದುವಾರ ಶತ್ರುವಿನ ಕಾರಿನಿಂದ ಇಳಿದದ್ದನ್ನು ನೋಡಿ ಅವನ ಕೈಯಲ್ಲಿದ್ದ ಹಾರ ಜೋತುಬಿತ್ತು.

"ಏನ್ರಿ ಶಿವಯೋಗೆಪ್ಪಾರ, ನಮ್ಮ ಕ್ಯಾಂಡಿಡೇಟ್‌ನ ಅಪಹರಣ ಮಾಡ್ತೀರಿ ಏನು?"

"ಯಾರ ಕ್ಯಾಂಡಿಡೇಟ್? ಈಗ ಕಾರಿನ್ಯಾಗ ನನಗ ಮಾತು ಕೊಟ್ಟಾನ."

"ನನಗ ಚಾದಂಗಡ್ಯಾಗ ಕೊಟ್ಟಾನ!"

ಎರಡೂ ಕಡೆಯ ಜನ ಗುಂಪುಗೂಡಿದರು. ಒಳಗಿನಿಂದ ಚುನಾವಣಾಧಿಕಾರಿ ಕಿಟಕಿಯಲ್ಲಿ ಇಣುಕಿ ನೋಡಿದರು. ಎಲ್ಲರ ಕಣ್ಣೂ ಪರಮಾನಂದನ ಮೇಲೆ ನಟ್ಟವು. ಸುಳ್ಳು ಹೇಳುವುದು ಪಾಪ.

"ಇಬ್ರಿಗೂ ಆತು ಅಂದೇನ್ರಿ" ಎಂದ.

ಈಗ ಹೊಡೆತ ಬೀಳುವುದು ಖಚಿತ ಎಂದು ಪರಮಾನಂದ ಕಣ್ಣು ಮುಚ್ಚಿದ. ಹೊಡೆತ ತಿನ್ನುವುದರಿಂದ ಆತ್ಮಕ್ಕೆ ಲಾಭವೆಂದು ಪಾಠದಲ್ಲಿ ಇತ್ತು, ಆದರೆ ಪಾಠ ಕೇಳುವಾಗ ಇದ್ದ ಉತ್ಸಾಹ ಅವನಿಗೆ ಈಗ ಇರಲಿಲ್ಲ. ಕಣ್ಣು ತೆರೆದಾಗ ಶಿವಯೋಗೆಪ್ಪನವರು ಹುಲೆಪ್ಪನ ಹೆಗಲ ಮೇಲೆ ಕೈ ಹಾಕಿ ಬೇವಿನ ಮರದ ಕೆಳಗೆ ಪಿಸುಪಿಸು ಮಾತಾಡುತ್ತಿದ್ದರು. ಹುಲೆಪ್ಪನ ಮನೆಯಲ್ಲೂ ಆ ಸೀಟಿಗಾಗಿ ಇಬ್ಬರು ದಾಯಾದಿಗಳು ಜಗಳಕ್ಕೆ ಬಿದ್ದಿದ್ದರು. ಇಬ್ಬರೂ ತಮ್ಮವರನ್ನು ಬಿಟ್ಟು ಪರಮಾನಂದನನ್ನು ನಿಲ್ಲಿಸಿದರೆ ಇಬ್ಬರ ಮನೆಯಲ್ಲೂ ಶಾಂತಿ. ಅವನು ಇವರ ಕಡೆಯವನೂ ಹೌದು, ಅವರ ಕಡೆಯವನೂ ಹೌದು.

"ನನಗ ಮಗ್ಗದ ವಿಚಾರ ಏನೂ ಗೊತ್ತಿಲ್ರಿ" ಎಂದು ಪರಮಾನಂದ ಕೊನೆಯ ಪ್ರಯತ್ನ ಮಾಡಿದ.

"ಬಾಳ ಛಲೋ ಆತು" ಎಂದರು ಇಬ್ಬರೂ ಒಟ್ಟಿಗೆ.

ಒಬ್ಬರು ಅರ್ಜಿ ತುಂಬಿದರು, ಒಬ್ಬರು ಸೂಚಕರಾದರು, ಇನ್ನೊಬ್ಬರು ಅನುಮೋದಕರಾದರು. ಸಹಿ ಮಾಡು ಎಂದಲ್ಲಿ ಪರಮಾನಂದ ಸಹಿ ಮಾಡಿದ. ಮೂರು ಗಂಟೆಗೆ ಬಾಗಿಲು ಹಾಕಿದಾಗ ಅಧಿಕಾರಿಯ ಮೇಜಿನ ಮೇಲೆ ಇದ್ದದ್ದು ಅದೊಂದೇ ಅರ್ಜಿ. "ಘೋಷಣಾ ನಾಳೆ ಮಾಡ್ತೇವ್ರಿ. ಇನ್ನೊಬ್ರು ಇಲ್ಲಂದ ಮ್ಯಾಲ ಇವ್ರದ ಆದಂಗ" ಎಂದರು ಅಧಿಕಾರಿ. ಅಷ್ಟು ಸಾಕಾಯಿತು. ಎಲ್ಲಿಂದಲೋ ಹಲಗಿ ಬಾರಿಸುವವರು ಬಂದರು, ಗುಲಾಲು ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಕ್ಷಣದಲ್ಲಿ ಕೆಂಪಾಯಿತು. ಪರಮಾನಂದನನ್ನು ಬೈಕಿನ ಮೇಲೆ ಇಬ್ಬರು ಹುಡುಗರ ನಡುವೆ ಕೂಡಿಸಿಕೊಂಡು ಮೆರವಣಿಗೆ ಹೊರಟಿತು.

"ನಾಳಿಂದ ಮುಂಜಾನೆದ್ದ ಎಲ್ಲಾರೂ ನಿಮ್ಮ ಮನಿಗೆ ಬರ್ತೇವಿ ನೋಡು, ಸಂಘದ ಕೆಲಸ ಮಾತಾಡಾಕ!" ಎಂದು ಹುಲೆಪ್ಪ ಅವನ ಕಿವಿಯಲ್ಲಿ ಕೂಗಿದ.

"ಆತಣ್ಣಾ" ಎಂದ ಪರಮಾನಂದ.

ಆ ಮಾತು ಬಾಯಿಂದ ಹೊರಟ ಕೂಡಲೆ ಅದು ಅವನ ಕಿವಿಗೇ ಬಡಿಯಿತು. ಹಲಗಿಯ ಸದ್ದು ಎಲ್ಲೋ ದೂರ ಹೋಯಿತು. ಆತು! ಹುಲೆಪ್ಪನಿಗೆ ಆತು, ಶಿವಯೋಗೆಪ್ಪನವರಿಗೆ ಆತು. ನಾಯಿಮರಿ ತಗೋ ಎಂದವನಿಗೆ ಆತು. ಬೀಗರ ಹೋಳಿಗೆಗೆ ಆತು. ಇನ್ನೊಂದು ಸೀರೆ ಬಿಚ್ಚು ಎಂದ ಹೆಂಗಸರಿಗೆಲ್ಲ ಆತು. ಸುವರ್ಣಾ ಬೆಳಿಗ್ಗೆ ಮೊದಲ ವರ್ಷದಿಂದ ಹೇಳಿದ ಒಂದೊಂದು ಕತೆಯಲ್ಲೂ ಅದೇ ಇತ್ತು. ಹುಟ್ಟಿದಾಗಿನಿಂದ ಅವನು ಯಾರಿಗೂ ಇಲ್ಲ ಎಂದಿರಲಿಲ್ಲ. ಒಳ್ಳೆಯತನದಿಂದಲ್ಲ, ಎದುರಿಗಿದ್ದವರ ಮುಖ ಸಪ್ಪಗಾದರೆ ತನ್ನನ್ನು ಕೆಟ್ಟವನೆಂದು ತಿಳಿದಾರೆಂಬ ದಿಗಿಲಿನಿಂದ. ದೇವರಿಗಿಂತ ಹೆಚ್ಚಾಗಿ ಜನರಿಗೆ ಹೆದರಿ ಬದುಕಿದ್ದ. ಈ ತುದಿಯಿಂದ ಆ ತುದಿಯವರೆಗೆ ಗೆರೆ ಬಿದ್ದಿತ್ತು.

ಪರಮಾನಂದನಿಗೆ ಅಳು ಬಂತು. ಅದು ಸಂತೋಷದ ಅಳು. ನೋಡಿದವರು, ಗೆದ್ದ ಖುಷಿಗೆ ಅಳುತ್ತಿದ್ದಾನೆ ಎಂದು ಇನ್ನೂ ಒಂದಿಷ್ಟು ಗುಲಾಲು ಹಾಕಿದರು.

ಮನೆಗೆ ಬಂದಾಗ ಫಾದರ್ ಯುವರಾಜರು ಒಳಗೆ ಕುರ್ಚಿಯಲ್ಲಿ ಕೂತು ಚುರಮರಿ ತಿನ್ನುತ್ತಿದ್ದರು. ಅವರ ಮುಂದಿನ ತಾಟು ತುಂಬಿ ಹರಿಯುತ್ತಿತ್ತು. ಸುವರ್ಣಾ ಇನ್ನಷ್ಟು ಹಾಕಲು ಡಬ್ಬಿ ಹಿಡಿದು ನಿಂತಿದ್ದಳು. ಗಂಡನ ಅವತಾರ ನೋಡಿ ಅವಳು ಡಬ್ಬಿ ಹಿಡಿದುಕೊಂಡೇ ಅಡಿಗೆ ಮನೆಗೆ ಹೋಗಿಬಿಟ್ಟಳು.

"ಫಾದರ್, ಸಿಕ್ಕಿತ್ರಿ!" ಎಂದು ಪರಮಾನಂದ ಬಾಗಿಲಲ್ಲೇ ಕೂಗಿದ.

ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಕೊನೆಗೆ, "ನನಗ ಯಾರಿಗೂ ಇಲ್ಲ ಅನ್ನಾಕ ಬರಾಂಗಿಲ್ರಿ ಫಾದರ್. ಮಂದಿ ಮನಸಿಗೆ ಅಂಜತೇನಿ. ಅದರಿಂದನ ಸುಳ್ಳ ಮಾತು ಕೊಡ್ತೇನಿ, ಆಮ್ಯಾಲ ಎಲ್ಲಾರಿಗೂ ತ್ರಾಸ ಮಾಡ್ತೇನಿ. ಇದ ನನ್ನ ಪ್ರಧಾನ ದೋಷ" ಎಂದ.

ಫಾದರ್ ಬಾಯಲ್ಲಿದ್ದ ಚುರಮರಿ ಅಗಿಯುವುದನ್ನು ಮರೆತರು.

"ಪಾಸ್ ಆದಿ ಪರಮಾನಂದ" ಎಂದರು ಮೆಲ್ಲಗೆ. "ವರ್ಷಾನುಗಟ್ಟಲೆ ಹುಡುಕಿದ್ರೂ ಸಿಗಾಂಗಿಲ್ಲ ಇದು. ನಿನಗ ಒಂದ ದಿನದಾಗ ಸಿಕ್ಕೈತಿ."

ಪರಮಾನಂದನಿಗೆ ಆ ಕ್ಷಣ ಬೆಳಗಾವಿಯ ಆಶ್ರಮ ಕಣ್ಣ ಮುಂದೆ ಬಂತು. ಮರಗಳು, ಒಂದು ಕೋಣೆ, ಒಂದು ಚಾಪೆ, ಹತ್ತು ದಿನದ ನಿಶ್ಶಬ್ದ. ಮೊದಲ ಬಾರಿಗೆ ದೇವರು ಏನು ಹೇಳುತ್ತಾನೆ ಎಂಬುದು ಕೇಳಿಸಬಹುದು. ಗುಲಾಲು ಮೆತ್ತಿದ ಮುಖದ ಮೇಲೆ ಎರಡು ಗೆರೆ ಇಳಿದವು.

ಫಾದರ್ ಎದ್ದು ಅಡಿಗೆ ಮನೆಯ ಕಡೆ ನೋಡಿ, "ಬಾ, ಹಿತ್ತಲಕ್ಕ ಹೋಗೂಣು" ಎಂದರು. ಹಿತ್ತಲಲ್ಲಿ ಪಕ್ಕದ ಮಗ್ಗದ ಖಟಪಟ ಇನ್ನೂ ಜೋರಾಗಿತ್ತು. ಫಾದರ್ ಹಣೆ ಒರೆಸಿಕೊಂಡರು.

"ನೀ ಹೇಳೂ ಮುಂದ ನನ್ನ ಮೈ ಜುಮ್ ಅಂತಪಾ. ಅದು ನಿಂದಷ್ಟ ಅಲ್ಲ. ನಂದೂ ಅದ ದೋಷ."

"ನಿಮ್ದಾ ಫಾದರ್?"

"ಧ್ಯಾನಕೂಟದ ಜಾಗ ಮೊದಲ ನಿನಗ ಅಂದೆ. ಆಮ್ಯಾಲ ಬೀಳಗಿ ಸಂಜಯ ಬಂದ ಕೇಳ್ದ, ಅಂವಗೂ ಆತು ಅಂದೆ. ಮುಧೋಳದ ಪೂರ್ಣಿಮಾ ಟೀಚರ್ ಕೇಳಿದ್ರು, ಅವರಿಗೂ ಆತ್ರಿ ಅಂದೆ. ಇರೂದ ಒಂದ ಜಾಗ. ಯಾರಿಗೆ ಇಲ್ಲ ಅನ್ಲಿ? ಅದಕ್ಕ ಈ ಪ್ರಧಾನ ದೋಷದ ಪರೀಕ್ಷಾ ಇಟ್ಟೆ. ಭಾಳ ಕಠಿಣ ಪರೀಕ್ಷಾ. ಇಬ್ರಾದ್ರೂ ಫೇಲ್ ಆಗ್ತಾರ, ಇಲ್ಲ ಅನ್ನೂ ಪ್ರಸಂಗ ನನಗ ಬರಾಂಗಿಲ್ಲ ಅಂತ ಮಾಡಿದ್ದೆ."

ಪರಮಾನಂದ ಬೆಳಗಿನಿಂದ ತಾನು ತಿರುಗಿದ ಓಣಿಗಳನ್ನೆಲ್ಲ ನೆನೆಸಿಕೊಂಡ.

"ಆಮ್ಯಾಲ್ರಿ?"

"ಮೂರೂ ಮಂದಿ ಪಾಸಾದ್ರಿ" ಎಂದರು ಫಾದರ್, ಹತಾಶರಾಗಿ. "ಸಂಜಯಂದು ಸಿಟ್ಟು ಅಂತ, ಅಂವನ ಎಲ್ಲಾರ ಮುಂದ ಹೇಳ್ದ. ಟೀಚರ್‌ದು ಹಠ ಅಂತ, ಅವ್ರೂ ಹೇಳಿದ್ರು. ಈಗ ಸಂಜಯಗ ಬಿಡು ಅಂದ್ರ ಸಿಟ್ಟಿಗೇಳ್ತಾನ. ಟೀಚರಿಗೆ ಬಿಡ್ರಿ ಅಂದ್ರ ಹಠ ಹಿಡೀತಾರ. ವಿಚಾರ ಮಾಡಿ ನೋಡಿದ್ರ ಮೂವರ ದೋಷದಾಗ ನಿಂದ ಒಂದ ದೋಷ ಅನುಕೂಲಕ್ಕ ಬರೂವಂಥಾದ್ದು."

ಮುಂದೆ ಏನು ಬರುತ್ತದೆಂದು ಪರಮಾನಂದನಿಗೆ ಗೊತ್ತಾಯಿತು. ಈಗ ಅವನು ಬೆಳಗಿನ ಪರಮಾನಂದನಲ್ಲ, ತನ್ನ ದೋಷ ಯಾವುದೆಂದು ಕಂಡವನು. ಕಂಡದ್ದನ್ನು ಕೀಳಬೇಕು. ನಾಲಿಗೆಯನ್ನು ಮೇಲಕ್ಕೆ ಮಡಿಚಿ 'ಇಲ್ಲ' ಎನ್ನುವುದಕ್ಕೆ ಸಿದ್ಧನಾದ.

"ಈ ವರ್ಷ ನೀ ಬಿಟ್ಟ ಕೊಡ್ತೀ ಏನಪಾ?" ಎಂದರು ಫಾದರ್. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಎಷ್ಟೋ ದಿನದಿಂದ ನಿದ್ದೆ ಇಲ್ಲದ ಮುಖ. ಆಸೆಯಿಂದ ನೋಡುತ್ತಿದ್ದರು.

ಮಡಿಚಿದ ನಾಲಿಗೆ ಸಡಿಲವಾಯಿತು.

"ಆತ್ರಿ ಫಾದರ್."

ಫಾದರ್ ಅವನ ಎರಡೂ ಕೈ ಹಿಡಿದುಕೊಂಡರು. ಅವರ ಮುಖ ತೊಳೆದಿಟ್ಟಂತಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಮುಖದಲ್ಲಿ ಒಂದು ಚಿಂತೆ ಕಾಣಿಸಿಕೊಂಡಿತು.

"ಇನ್ನೂ ಇಬ್ರು ಉಳದ್ರಲ್ಲಾ" ಎಂದರು. "ಜಾಗ ಟೀಚರಿಗೆ ಇರ್ಲಿ. ಆದ್ರ ಸಂಜಯಗ 'ನಿನಗ ಜಾಗ ಇಲ್ಲ' ಅಂತ ಯಾರರ ಹೇಳ್ಬೇಕು. ನನ್ನ ಕೈಲೆ ಆಗಾಂಗಿಲ್ಲ. ಪರಮಾನಂದ, ದೋಷಕ್ಕ ಅದರ ವಿರುದ್ಧ ಅಭ್ಯಾಸನ ಔಷಧ ಅಂತ ಪಾಠದಾಗ ಓದೀವಲ್ಲ? ನಿನಗೂ ಅಭ್ಯಾಸ ಆಕ್ಕೈತಿ. ನಾಳೆ ಮುಂಜಾನೆ ಬೀಳಗಿಗೆ ಹೋಗಿ ಆ ಸಿಟ್ಟಿನ ಮನಷ್ಯಾನ ಮುಂದ ನಿಂತು, ಇಲ್ಲ ಅಂತ ನೀನ ಹೇಳಿ ಬಾ."

ಪಕ್ಕದ ಮಗ್ಗ ಖಟಪಟ ಎನ್ನುತ್ತಿತ್ತು. ಮುಂಬಾಗಿಲಲ್ಲಿ ಹುಲೆಪ್ಪನ ಕಡೆಯವರೂ ಶಿವಯೋಗೆಪ್ಪನವರ ಕಡೆಯವರೂ ಒಟ್ಟಿಗೆ ನಿಂತು ಡೈರೆಕ್ಟರ್ ಸಾಹೇಬರನ್ನು ಕೂಗುತ್ತಿದ್ದರು. ಪರಮಾನಂದ ಗುಲಾಲಿನ ಕೈಯಿಂದ ಮುಖ ಒರೆಸಿಕೊಂಡ.

"ಆತ್ರಿ ಫಾದರ್" ಎಂದ.